ನಿಮ್ಮ ತೂಕ ಎಷ್ಟು ಅಂತ ಕೇಳಿದ್ದಕ್ಕೆ

ಇವತ್ತು ಬೆಳಗ್ಗೆ ಒಬ್ಬರು ನನ್ನ ಮೇಲೆ ಮುನಿಸಿಕೊಂಡು ಹೋದರು. ನಾಯಿಗೆ ಲಸಿಕೆ ಹಾಕಿದ್ದಾಗಿತ್ತು. ಅದು ಕುಂಯ್ ಅಂತಲೂ ಅಂದಿರಲಿಲ್ಲ. ಜಂತುಹುಳದ ಔಷಧಿ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕೋಣ ಎಂದು, ನಾಯಿಯನ್ನು ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಂತಿದ್ದ ಅವರಿಗೆ, “ಈಗ ನಾಯಿ ಕೆಳಗೆ ಬಿಟ್ಟು ನೀವೊಬ್ಬರೇ ನಿಲ್ಲಿ” ಅಂದೆ.

“ನಾನ್ಯಾಕೆ?” ಅಂದರು.

ಕಳೆಯಬೇಕಲ್ಲ, ಅದಕ್ಕೆ. ಅದನ್ನೂ ಹೇಳಿದೆ. ಅವರು ನಾಯಿಯನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು. ನಾನು ಅವರ ಬ್ಯಾಂಕ್ ಪಾಸ್‌ಬುಕ್ ಕೇಳಿದ್ದರೂ ಇಷ್ಟು ಗಾಬರಿ ಆಗುತ್ತಿರಲಿಲ್ಲ. “ಅಂದಾಜಿಗೆ ಒಂದು ಹತ್ತು ಕೆಜಿ ಅಂತ ಹಾಕ್ಕೊಳ್ಳಿ ಡಾಕ್ಟ್ರೇ” ಅಂತ ಹೇಳಿ, ಮಾತ್ರೆ ಚೀಟಿ ಇಸಿದುಕೊಂಡು, ಚಪ್ಪಲಿ ಮೆಟ್ಟಿ ಹೊರಟೇ ಹೋದರು. ನಾಯಿ ಮಾತ್ರ ಬಾಗಿಲ ತನಕ ನನ್ನನ್ನು ತಿರುಗಿ ನೋಡುತ್ತಿತ್ತು. ಅದಕ್ಕೆ ನನ್ನ ಮೇಲೆ ಸಿಟ್ಟಿರಲಿಲ್ಲ.

ನಾಯಿಯನ್ನೇ ನೇರವಾಗಿ ಮಷಿನ್ ಮೇಲೆ ನಿಲ್ಲಿಸಬಾರದಾ ಅಂತ ಕೇಳಬಹುದು. ದಯವಿಟ್ಟು ಒಂದು ದಿನ ಬಂದು ನಿಲ್ಲಿಸಿ ತೋರಿಸಿ. ಮೂರು ಮಹಡಿ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುವ ನಾಯಿ, ನೆಲದಿಂದ ನಾಲ್ಕು ಬೆರಳು ಎತ್ತರವಿರುವ ಆ ತಗಡಿನ ಮೇಲೆ ಮಾತ್ರ ಕಾಲಿಡುವುದಿಲ್ಲ. ಮುಂದಿನ ಎರಡು ಕಾಲು ಇಟ್ಟರೆ ಹಿಂದಿನವು ಕೆಳಗೆ. ಹಿಂದಿನಿಂದ ತಳ್ಳಿ ಹತ್ತಿಸಿದರೆ ಅಷ್ಟರಲ್ಲಿ ಮುಂದಿನವು ಆ ಕಡೆ ಇಳಿದಿರುತ್ತವೆ. ನಾಲ್ಕೂ ಇಟ್ಟ ಆ ಒಂದು ಗಳಿಗೆಯಲ್ಲಿ ಬಾಲ ಅಲ್ಲಾಡಿಸುತ್ತದೆ, ಇಲ್ಲವೇ ಕೂತುಬಿಡುತ್ತದೆ, ಇಲ್ಲವೇ ಮಷಿನ್ನನ್ನೇ ಮೂಸಲು ಬಗ್ಗುತ್ತದೆ. ಮಷಿನ್ 8.4, 11.2, 3.9 ಅಂತ ಬಾಯಿಗೆ ಬಂದದ್ದು ಹೇಳುತ್ತದೆ. ದೊಡ್ಡ ನಾಯಿಗಳಿಗೆ ಇದೇ ಗತಿ, ಬೇರೆ ದಾರಿ ಇಲ್ಲ. ಎತ್ತಲು ಆಗುವಂಥ ನಾಯಿಗಳಿಗೆ ಮಾತ್ರ ಈ ಕಳೆಯುವ ಲೆಕ್ಕ: ಇಬ್ಬರೂ ಸೇರಿ ಎಷ್ಟು, ಅದರಲ್ಲಿ ಮನುಷ್ಯ ಎಷ್ಟು, ಉಳಿದದ್ದು ನಾಯಿ.

ಈ ಕೆಲಸ ಮಾಡುತ್ತಾ ಮಾಡುತ್ತಾ ನನಗೊಂದು ವಿಷಯ ಹೊಳೆದಿದೆ. ಪ್ರಾಣಿ ಸಾಕಿದವರಲ್ಲಿ ಮೂರು ಬಗೆ. ಯಾರು ಯಾವ ಬಗೆ ಅನ್ನುವುದು ತೂಕದ ಮಷಿನ್ ಹತ್ತಿರ ಬಂದಾಗ ತಾನಾಗಿಯೇ ಗೊತ್ತಾಗುತ್ತದೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯವರು ಮಷಿನ್ ಮೇಲೆ ಎರಡನೇ ಸಲ ನಿಲ್ಲುವುದಿಲ್ಲ, ತಮ್ಮ ತೂಕವನ್ನು ಬಾಯಲ್ಲೇ ಹೇಳುತ್ತಾರೆ. ಕೇಳುವ ಮೊದಲೇ ಹೇಳುವವರೂ ಇದ್ದಾರೆ. ಇವರಲ್ಲಿ ಒಬ್ಬರ ವಿಷಯ ಹೇಳಲೇಬೇಕು. ಲೆಕ್ಕದ ಮೇಷ್ಟ್ರು, ನಿವೃತ್ತರು. ಅವರ ಹತ್ತಿರ ಬ್ರೂನೋ ಅಂತ ಒಂದು ಬೀಗಲ್ ನಾಯಿ. ಬೀಗಲ್ ಜಾತಿಗೆ ಹತ್ತು ಹನ್ನೆರಡು ಕೆಜಿ ಅಂದರೆ ಧಾರಾಳವಾಯಿತು. ಹಿಂಗಾಲು ಸ್ವಲ್ಪ ಎಳೆಯುತ್ತಿದೆ ಅಂತ ಕರೆತಂದಿದ್ದರು. ಮುಟ್ಟಿ ನೋಡಿದರೆ ಮಂಡಿಗಿಂತ ಮೊದಲು ಸಿಕ್ಕಿದ್ದು ಕೊಬ್ಬು. ಕಾಲಿನ ನೋವಿಗೆ ಮಾತ್ರೆ ಕೊಡಬಹುದು, ಆದರೆ ಮೊದಲು ತೂಕ ಇಳಿಯಬೇಕು ಅಂದೆ.

ಮೇಷ್ಟ್ರು ನಾಯಿಯನ್ನು ಎದೆಯ ಕೆಳಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಟ್ಟು ಹುಷಾರಾಗಿ ಎತ್ತಿದರು. ಅದನ್ನು ಅಷ್ಟು ಸರಿಯಾಗಿ ಎತ್ತುವವರು ಕಡಿಮೆ, ಆ ವಿಷಯದಲ್ಲಿ ನನಗೆ ಅವರ ಮೇಲೆ ಗೌರವ ಇದೆ. ಮಷಿನ್ 86 ಅಂತ ತೋರಿಸಿತು.

“ನಂದು ಎಪ್ಪತ್ತು. ಬರ್ಕೊಳ್ಳಿ” ಅಂದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. “ಎಂಬತ್ತಾರರಲ್ಲಿ ಎಪ್ಪತ್ತು ಹೋದರೆ ಹದಿನಾರು” ಅಂತ ಕಳೆದೂ ಕೊಟ್ಟರು. ಲೆಕ್ಕದ ಮೇಷ್ಟ್ರು ಕಳೆದು ಕೊಟ್ಟ ಮೇಲೆ ಯಾರು ಎದುರು ಮಾತಾಡುತ್ತಾರೆ? 16 ಅಂತ ಬರೆದುಕೊಂಡೆ. ದಿನಕ್ಕೆ ಎಷ್ಟು ಕಪ್ ಊಟ, ಎಷ್ಟು ಹೊತ್ತು ನಡಿಗೆ, ಮೇಜಿನ ಕೆಳಗೆ ಏನೂ ಹಾಕಬಾರದು, ಎಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿ, ನನ್ನ ಒಂದು ಕಾಗುಣಿತದ ತಪ್ಪು ತಿದ್ದಿ, ಮಡಿಚಿ ಜೇಬಿಗಿಟ್ಟರು.

ಮುಂದಿನ ತಿಂಗಳು ಬಂದರು. ಎತ್ತಿದರು. 86. “ಎಪ್ಪತ್ತು ಹೋದರೆ ಹದಿನಾರು.” ಅದರ ಮುಂದಿನ ತಿಂಗಳೂ 86. ಆಮೇಲೂ 86. ನೂರಿನ್ನೂರು ಗ್ರಾಂ ಆಚೀಚೆ ಇರಬಹುದು ಅಷ್ಟೇ. ಒಂದು ನಾಯಿ ಪಥ್ಯ ಮಾಡಿದರೆ ಸ್ವಲ್ಪ ಇಳಿಯುತ್ತದೆ, ಮಾಡದಿದ್ದರೆ ಸ್ವಲ್ಪ ಏರುತ್ತದೆ. ಹೀಗೆ ಗೂಟ ಹೊಡೆದು ನಿಲ್ಲುವುದಿಲ್ಲ. ಮೇಷ್ಟ್ರಿಗಂತೂ ಸಂತೋಷ. “ಏರಿಲ್ಲ ಅಂದರೆ ಹಿಡಿತಕ್ಕೆ ಬಂದಿದೆ ಅಂತ ಅರ್ಥ ಅಲ್ವಾ ಡಾಕ್ಟ್ರೇ?” ಅನ್ನುತ್ತಿದ್ದರು.

ಕಾಗದದ ಮೇಲೆ ನಿಜ. ಆದರೆ ಕೈ ಒಪ್ಪುತ್ತಿರಲಿಲ್ಲ. ನಾಯಿಯ ಪಕ್ಕೆಲುಬು ನೋಡಲು ನಮ್ಮಲ್ಲಿ ಒಂದು ಸುಲಭದ ಉಪಾಯ ಇದೆ, ನೀವೂ ಈಗಲೇ ಮಾಡಬಹುದು. ಮುಷ್ಟಿ ಕಟ್ಟಿ ಇನ್ನೊಂದು ಕೈಯ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ. ಪಕ್ಕೆಲುಬು ಹೀಗೆ ಸಿಕ್ಕಿದರೆ ನಾಯಿ ಬಡಕಲು. ಮುಷ್ಟಿ ಬಿಚ್ಚಿ ಬೆರಳು ಚಾಚಿ, ಕೈಯ ಹಿಂಭಾಗ ಸವರಿ, ಹೀಗೆ ಸಿಕ್ಕಿದರೆ ಸರಿಯಾದ ಮೈ. ಕೈ ತಿರುಗಿಸಿ ಅಂಗೈ ಕಡೆ ಬೆರಳುಗಳ ಬುಡ ಒತ್ತಿ ನೋಡಿ, ಹೀಗಿದ್ದರೆ ನಿಮ್ಮ ನಾಯಿ ದಪ್ಪ. ಬ್ರೂನೋ ಮೊದಲ ಸಲವೇ ಅಂಗೈ. ಆಮೇಲೆ ತಿಂಗಳು ತಿಂಗಳಿಗೂ ಆ ಅಂಗೈಯಲ್ಲಿ ಮೂಳೆ ಇದೆಯೋ ಇಲ್ಲವೋ ಅನ್ನುವಂತಾಯಿತು. ಅದೇ ಚೀಟಿಯ ಅಂಚಿನಲ್ಲಿ “ಲೆಕ್ಕ ಸರಿ, ಪಕ್ಕೆಲುಬು ಸಿಗುತ್ತಿಲ್ಲ” ಅಂತ ಬರೆದಿಟ್ಟಿದ್ದೆ.

ಒಂದು ದಿನ ಕುತ್ತಿಗೆಪಟ್ಟಿ ಬಿಚ್ಚಿ ಕಿವಿ ನೋಡುತ್ತಿದ್ದೆ. ಚರ್ಮದ ಪಟ್ಟಿ, ಹಳೆಯದು. ಅದರಲ್ಲಿ ಬಕಲ್ ಕೂತು ಕೂತು ಬಿದ್ದ ಗೆರೆ ಒಂದು ತೂತಿನ ಹತ್ತಿರ ಆಳವಾಗಿತ್ತು. ಈಗ ಬಕಲ್ ಹಾಕಿದ್ದು ಅದಕ್ಕಿಂತ ಎರಡು ತೂತು ಹೊರಗೆ. ತಲೆ ಎತ್ತಿದರೆ ಎದುರಿಗೇ ಮೇಷ್ಟ್ರ ಸೊಂಟದ ಬೆಲ್ಟು. ಅದರಲ್ಲೂ ಹಳೆಯ ಗೆರೆ ಒಂದು ಕಡೆ, ಬಕಲ್ ಇನ್ನೊಂದು ಕಡೆ. ಆದರೆ ಅಲ್ಲಿ ಒಳಗಡೆಗೆ. ಕಂಪನಿಯವರು ಕೊಟ್ಟ ತೂತು ಸಾಲದೆ ಮೊಳೆಯಿಂದ ಹೊಸದೊಂದು ಹೊಡೆದಿದ್ದರು, ಅದರ ಅಂಚು ಇನ್ನೂ ಒರಟಾಗಿತ್ತು.

ಆಗಲೂ ನಾನು ಏನೂ ಅನ್ನಲಿಲ್ಲ. ಹಿರಿಯರು, ಅವರ ಬೆಲ್ಟಿನ ವಿಚಾರ ನಾಯಿ ಡಾಕ್ಟರಿಗೆ ಯಾಕೆ ಅಂತ ಸುಮ್ಮನಾದೆ.

ಮುಂದಿನ ಸಲ ಮೇಷ್ಟ್ರಿಗೆ ಶೀತ ಆಗಿತ್ತಂತೆ, ಅವರ ಮನೆಯವರು ಬಂದರು. ಆ ತಾಯಿ ನಾಯಿಯನ್ನು ಎತ್ತಿಕೊಂಡು ನಿಂತರು, ಇಳಿಸಿದರು, ನಾನು ಹೇಳುವ ಮೊದಲೇ ಒಬ್ಬರೇ ಹತ್ತಿ ನಿಂತರು. “ಎಷ್ಟು ಬಂತು? ಬರ್ಕೊಳ್ಳಿ, ನಂಗೇನು ನಾಚಿಕೆ?” ಅಂದರು. ಕಳೆದೆ. ಬ್ರೂನೋ 17.

“ಹದಿನೇಳಾ? ಇರುತ್ತೆ ಬಿಡಿ” ಅಂತ ಅವರು ಕುರ್ಚಿ ಎಳೆದುಕೊಂಡು ಕೂತರು. “ಅವರಿಗೆ ಅವರ ಡಾಕ್ಟ್ರು ಊಟ ಅರ್ಧ ಮಾಡಿ ಅಂದಿದ್ದಾರೆ. ಸಕ್ಕರೆ ಜಾಸ್ತಿ ಇತ್ತು. ನಾನು ಕಡಿಮೆ ಬಡಿಸಿದ್ರೆ ಮುಖ ಊದಿಸ್ಕೋತಾರೆ, ಅದಕ್ಕೇ ಮೊದಲಿನಷ್ಟೇ ಬಡಿಸ್ತೀನಿ. ಅರ್ಧ ತಿಂತಾರೆ, ಪಾಪ, ಅದು ನಿಜ. ಉಳಿದರ್ಧ ಎಲ್ಲಿ ಹೋಗುತ್ತೆ ಅಂತ ನೀವೇ ನೋಡಿ” ಅಂತ ಬ್ರೂನೋನ ಹೊಟ್ಟೆ ತೋರಿಸಿದರು. ಬ್ರೂನೋ ತನ್ನನ್ನೇ ಹೊಗಳುತ್ತಿದ್ದಾರೆ ಅಂದುಕೊಂಡು ಬೆನ್ನಡಿಯಾಗಿ ಉರುಳಿ ಹೊಟ್ಟೆಯನ್ನು ಇನ್ನೂ ಚೆನ್ನಾಗಿ ತೋರಿಸಿತು.

ಮೇಷ್ಟ್ರ ತೂಕ ಶುರುವಿನಲ್ಲಿ ಎಷ್ಟಿತ್ತು ಅಂತ ಕೇಳಿದೆ. ಎಪ್ಪತ್ತೆರಡು ಅಂದರು. ಈಗ? ಅರವತ್ತೊಂಬತ್ತು. ಅಂದರೆ ಮೊದಲ ದಿನ ನಾಯಿ ಇದ್ದದ್ದು 14. ಮೂರು ಕೆಜಿ ಮೇಷ್ಟ್ರ ಮೈಯಿಂದ ಹೊರಟು, ಮೇಜಿನ ಕೆಳಗಿನಿಂದ ಹಾದು, ಬ್ರೂನೋನ ಮೈಗೆ ಬಂದು ಸೇರಿತ್ತು. ಆ ಮನೆಯಿಂದ ಒಂದು ಗ್ರಾಂ ಹೊರಗೆ ಹೋಗಿರಲಿಲ್ಲ. ಮಷಿನ್ ಪ್ರತಿ ತಿಂಗಳೂ 86 ಅಂತ ಸತ್ಯವನ್ನೇ ಹೇಳುತ್ತಿತ್ತು.

ಶೀತ ವಾಸಿಯಾದ ಮೇಲೆ ಮೇಷ್ಟ್ರು ಬಂದರು. ವಿಷಯ ಹೇಳಿದೆ. ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, “ಡಾಕ್ಟ್ರೇ, ಒಂದು ಸಮೀಕರಣ, ಎರಡು ಅವ್ಯಕ್ತ. ಹೇಗೆ ಬಿಡಿಸ್ತೀರಿ? ಇನ್ನೊಂದು ಸಮೀಕರಣ ಬೇಕೇ ಬೇಕು” ಅಂದರು.

“ನೀವು ಎಪ್ಪತ್ತು ಅಂದಿದ್ರಲ್ಲ ಸಾರ್.”

“ಅದು ಸಮೀಕರಣ ಅಲ್ಲ. ಅದು ನಂಬಿಕೆ.”

ನನ್ನ ಕ್ಲಿನಿಕ್ಕಿನಲ್ಲಿ, ನನ್ನ ಕುರ್ಚಿಯಲ್ಲಿ ಕೂರಿಸಿಕೊಂಡು ನನಗೇ ಪಾಠ. ಅಷ್ಟಕ್ಕೇ ಬಿಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, “ನನ್ನ ಸಕ್ಕರೆ ಪೂರ್ತಿ ಕಂಟ್ರೋಲ್‌ಗೆ ಬಂದಿದೆ ನೋಡಿ. ನಮ್ಮ ಡಾಕ್ಟ್ರು ತುಂಬಾ ಖುಷಿಯಾಗಿದ್ದಾರೆ. ಇಂಥ ಪೇಷಂಟೇ ನೋಡಿಲ್ಲ ಅಂದ್ರು” ಅಂತ ಹೆಮ್ಮೆಯಿಂದ ಹೇಳಿದರು.

ಆ ಡಾಕ್ಟರು ಯಾರೋ ನನಗೆ ಗೊತ್ತಿಲ್ಲ. ಅವರ ಮೇಲೆ ನನಗೆ ದ್ವೇಷವೂ ಇಲ್ಲ. ಆದರೆ ಅವರ ಯಶಸ್ಸಿಗೆ ಗೊಬ್ಬರವಾದದ್ದು ನನ್ನ ಪೇಷಂಟು. ಮನುಷ್ಯರ ಡಾಕ್ಟರಿಗೆ ಶಾಲು, ಹಾರ. ನನಗೆ ಕುಂಟುವ ಬೀಗಲ್. ಯಾವತ್ತೂ ಹೀಗೇ. ಯಾರದೋ ಮನೆಗೆ ಹೋದಾಗ “ಡಾಕ್ಟರು” ಅಂತ ಯಾರಾದರೂ ಪರಿಚಯ ಮಾಡಿಸಿದರೆ ಪಕ್ಕದಲ್ಲಿದ್ದವರು ತಕ್ಷಣ ತಮ್ಮ ಗ್ಯಾಸ್ಟ್ರಿಕ್ಕಿನ ಕಥೆ ಶುರು ಮಾಡುತ್ತಾರೆ. ದನದ ಡಾಕ್ಟರು ಅಂತ ಗೊತ್ತಾದ ಮೇಲೆ “ಓ, ಹಾಗಾ” ಅಂತ ಬೇರೆ ಕಡೆ ತಿರುಗುತ್ತಾರೆ. ಮೆಡಿಕಲ್ ಸೀಟು ಸಿಗಲಿಲ್ವಾ ಅಂತ ನೇರವಾಗಿ ಕೇಳಿದವರೂ ಇದ್ದಾರೆ. ಒಂದೇ ಒಂದು ಜಾತಿಯ ಪ್ರಾಣಿಯನ್ನು, ಅದೂ ಎಲ್ಲಿ ನೋವು ಅಂತ ತಾನೇ ಹೇಳುವ ಪ್ರಾಣಿಯನ್ನು ಕಲಿಯುವುದೇ ಓದು, ಹಸು ಕುದುರೆ ನಾಯಿ ಬೆಕ್ಕು ಕೋಳಿ ಮೊಲ ಎಲ್ಲ ಕಲಿಯುವುದು ಸೀಟು ಸಿಗದವರ ಕೆಲಸ!

ವಿಷಯ ಬಂತು ಅಂತ ಹೇಳಿಬಿಡುತ್ತೇನೆ. ಮನುಷ್ಯ ಭೂಮಿಯ ಮೇಲಿಂದ ಪೂರ್ತಿಯಾಗಿ ಅಳಿಸಿಹಾಕಿದ ರೋಗಗಳು ಎರಡೇ. ಒಂದು ಸಿಡುಬು, 1980ರಲ್ಲಿ ಘೋಷಣೆ ಆಯಿತು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಯಾವುದು ಅಂತ ಕೇಳಿ ನೋಡಿ. ಪೋಲಿಯೋ ಅನ್ನುತ್ತಾರೆ. ಅಲ್ಲ. ದನಗಳ ರಿಂಡರ್‌ಪೆಸ್ಟ್. ಹಟ್ಟಿಗೆ ಹಟ್ಟಿಯನ್ನೇ ಖಾಲಿ ಮಾಡುತ್ತಿದ್ದ ರೋಗ. ಆಫ್ರಿಕಾದಲ್ಲಿ 1890ರ ದಶಕದಲ್ಲಿ ಅದು ದನಗಳನ್ನು ಕೊಂದ ಮೇಲೆ ಹಿಂದೆಯೇ ಮನುಷ್ಯರು ಹಸಿವಿನಿಂದ ಸತ್ತರು. ಪ್ರಪಂಚದ ಮೊದಲ ಪಶುವೈದ್ಯ ಕಾಲೇಜು ಹುಟ್ಟಿದ್ದೂ ಇಂಥ ದನದ ಪಿಡುಗಿನ ಕಾಟಕ್ಕೆ. 1761ರಲ್ಲಿ, ಫ್ರಾನ್ಸಿನ ಲಿಯೋನ್‌ನಲ್ಲಿ. ಕ್ಲೋದ್ ಬೂರ್ಜೆಲಾ ಅಂತ, ಕುದುರೆ ಸವಾರಿ ಶಾಲೆ ನಡೆಸುತ್ತಿದ್ದವರು ಅದನ್ನು ಕಟ್ಟಿದರು. ಆಮೇಲೆ 1960ರ ಹೊತ್ತಿಗೆ ಕೀನ್ಯಾದಲ್ಲಿ ಕೂತು ವಾಲ್ಟರ್ ಪ್ಲೋರೈಟ್ ಅನ್ನುವ ಪಶುವೈದ್ಯರು ನಂಬಬಹುದಾದ ಒಂದು ಲಸಿಕೆ ಮಾಡಿದರು. ಕೊನೆಯ ಪ್ರಕರಣ ಕಂಡಿದ್ದು 2001ರಲ್ಲಿ, ರೋಗ ಮುಗಿಯಿತು ಅಂತ ಘೋಷಿಸಿದ್ದು 2011ರಲ್ಲಿ. ಕಾಲೇಜು ಶುರುವಾಗಿ ಸರಿಯಾಗಿ 250 ವರ್ಷಕ್ಕೆ. ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೂ ನಮ್ಮನ್ನು ಕೇಳುವುದು ಏನು? “ಹೇಗೂ ಬಂದಿದೀವಿ, ಹಾಗೇ ಉಗುರು ಕತ್ತರಿಸಿಬಿಡಿ.”

ಸರಿ, ಎರಡನೆಯ ಬಗೆಯವರಿಗೆ ಬರುತ್ತೇನೆ. ಇವರು ತೂಕವನ್ನು ಮುಚ್ಚಿಡುವುದಿಲ್ಲ. ನಾಯಿ ದಪ್ಪ ಅಂತ ಒಪ್ಪುತ್ತಾರೆ. ಆದರೆ ಅದಕ್ಕೆ ಕಾರಣ ಅವರಲ್ಲ. ಇವರದು ಸಾಮಾನ್ಯವಾಗಿ ಲ್ಯಾಬ್ರಡಾರ್ ಆಗಿರುತ್ತದೆ, ಮೊಬೈಲಿನಲ್ಲಿ ಓದಿಕೊಂಡು ಬಂದಿರುತ್ತಾರೆ. “ಇದು ಜೀನ್ ಡಾಕ್ಟ್ರೇ, ನಾವೇನು ಮಾಡಕ್ಕಾಗುತ್ತೆ?”

ಜೀನ್ ಇರುವುದು ನಿಜ. ಕೇಂಬ್ರಿಡ್ಜಿನವರು 2016ರಲ್ಲಿ ಕಂಡುಹಿಡಿದರು. ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಸುವ ಏರ್ಪಾಡಿನಲ್ಲಿ ಪಿಒಎಂಸಿ ಅಂತ ಒಂದು ಜೀನ್ ಇದೆ, ಕೆಲವು ಲ್ಯಾಬ್ರಡಾರ್‌ಗಳಲ್ಲಿ ಅದರ ಒಂದು ತುಂಡು ಬಿಟ್ಟುಹೋಗಿರುತ್ತದೆ. ಅಂಥವಕ್ಕೆ ಊಟದ ಮೇಲೆ ಆಸೆ ಜಾಸ್ತಿ, ತೂಕವೂ ಸುಮಾರು ಎರಡು ಕೆಜಿ ಜಾಸ್ತಿ. ಆದರೆ ಅದು ಇರುವುದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ. ನನ್ನ ಹತ್ತಿರ ಬರುವ ಲ್ಯಾಬ್ರಡಾರ್‌ಗಳೆಲ್ಲ ಹೇಗೆ ಅದೇ ನಾಲ್ಕನೆಯದು ಆಗಿರುತ್ತವೆ ಅನ್ನುವುದು ನನಗಿನ್ನೂ ಬಗೆಹರಿದಿಲ್ಲ. ಜೀನು ಬಿಸ್ಕತ್ತು ಕೇಳಬಹುದು. ಪೊಟ್ಟಣ ಒಡೆಯುವುದು ಜೀನ್ ಅಲ್ಲ.

ಇವರಿಗೆ ನಾನು ಹೇಳುವ ಇನ್ನೊಂದು ಲೆಕ್ಕ ಇದೆ. ನಲವತ್ತೆಂಟು ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ ಕೊಟ್ಟು, ಸಾಯುವ ತನಕ ನೋಡಿದರು. 2002ರಲ್ಲಿ ಅದರ ವಿವರ ಬಂತು. ಕಡಿಮೆ ತಿಂದವುಗಳಲ್ಲಿ ಅರ್ಧದಷ್ಟು 13 ವರ್ಷ ದಾಟಿದವು, ಜಾಸ್ತಿ ತಿಂದವುಗಳಲ್ಲಿ ಅರ್ಧದಷ್ಟು 11.2 ವರ್ಷಕ್ಕೇ ಮುಗಿಸಿದವು. ಹತ್ತಿರ ಹತ್ತಿರ ಎರಡು ವರ್ಷ. ಕೀಲುನೋವು ಬಂದದ್ದೂ ತಡವಾಗಿ. ಇದನ್ನು ಕೇಳಿ ಎಲ್ಲರೂ “ಹೌದಾ!” ಅನ್ನುತ್ತಾರೆ. ಹಾಗನ್ನುತ್ತಾ ಅನ್ನುತ್ತಾ, ಅಷ್ಟು ಹೊತ್ತು ಗಲಾಟೆ ಮಾಡದೆ ಕೂತ ನಾಯಿಗೆ ಬಹುಮಾನ ಅಂತ ಜೇಬಿನಿಂದ ಬಿಸ್ಕತ್ತು ತೆಗೆದು ನನ್ನ ಕಣ್ಣೆದುರೇ ಬಾಯಿಗೆ ಹಾಕುತ್ತಾರೆ.

ಬೆಕ್ಕಿನವರ ಜೊತೆ ನನಗೆ ಈ ಜಗಳ ಇಲ್ಲ. ಬೆಕ್ಕನ್ನು ಬುಟ್ಟಿ ಸಮೇತ ತೂಗಿ, ಖಾಲಿ ಬುಟ್ಟಿ ತೂಗಿ ಕಳೆದರೆ ಮುಗಿಯಿತು. ಬುಟ್ಟಿ ತನ್ನ ತೂಕ ಮುಚ್ಚಿಡುವುದಿಲ್ಲ. ಆದರೆ ಬೆಕ್ಕಿನದು ಬೇರೆ ಕಥೆ. ಎದೆಬಡಿತ ಕೇಳೋಣ ಅಂತ ಸ್ಟೆತಸ್ಕೋಪ್ ಇಟ್ಟರೆ ಗುರ್‌ಗುರ್ ಶುರು ಮಾಡುತ್ತದೆ, ಕಿವಿಯಲ್ಲಿ ಬೇರೇನೂ ಕೇಳಿಸುವುದಿಲ್ಲ. “ನೋಡಿ, ನಿಮ್ಮನ್ನ ಕಂಡ್ರೆ ಎಷ್ಟಿಷ್ಟ!” ಅಂತ ಅವರು ಹಿಗ್ಗುತ್ತಾರೆ. ನೋವಾದಾಗಲೂ, ಹೆದರಿದಾಗಲೂ ಬೆಕ್ಕು ಗುರ್ ಅನ್ನುತ್ತದೆ ಅಂತ ಹೇಳಿ ಅವರ ಸಂತೋಷ ಯಾಕೆ ಕೆಡಿಸಲಿ? ಎದ್ದು ಹೋಗಿ ನಲ್ಲಿ ತಿರುಗಿಸುತ್ತೇನೆ. ನೀರು ಬೀಳುವ ಸದ್ದು ಕೇಳಿದರೆ ಎಷ್ಟೋ ಬೆಕ್ಕುಗಳು ಕಿವಿ ಆ ಕಡೆ ತಿರುಗಿಸಿ ಗುರ್ ನಿಲ್ಲಿಸುತ್ತವೆ. ಅಷ್ಟರಲ್ಲಿ ಎಣಿಸಿಕೊಳ್ಳಬೇಕು.

ದಪ್ಪ ಬೆಕ್ಕಿನ ವಿಷಯದಲ್ಲಿ ಒಂದು ಮಾತು ಮಾತ್ರ ಗಂಭೀರವಾಗಿ ಹೇಳುತ್ತೇನೆ. ನಾಯಿಗೆ ಹೇಳಿದ್ದನ್ನು ಕೇಳಿಸಿಕೊಂಡು ಮನೆಗೆ ಹೋಗಿ ಬೆಕ್ಕಿಗೆ ಉಪವಾಸ ಹಾಕಬೇಡಿ. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಮೈಯ ಕೊಬ್ಬೆಲ್ಲ ಹರಿದು ಬಂದು ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ಜೀವಕ್ಕೇ ಅಪಾಯ. ನಿಧಾನವಾಗಿ ಇಳಿಸಬೇಕು. ತಾನಾಗಿ ಊಟ ಬಿಟ್ಟರಂತೂ “ಡಯಟ್ ಮಾಡ್ತಿದೆ” ಅಂತ ನಗಬೇಡಿ, ಕರೆದುಕೊಂಡು ಬನ್ನಿ. ಹಾಗೆಯೇ ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಮಗುವಿಗೆ ಅರ್ಧ, ಬೆಕ್ಕಿಗೆ ಕಾಲು ಅಂತ ಯಾರೋ ಲೆಕ್ಕ ಹೇಳಿರುತ್ತಾರೆ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಒಂದು ಮಾತ್ರೆಗೆ ಬೆಕ್ಕು ಸಾಯಬಹುದು. ಇಲ್ಲಿ ಕಳೆಯುವ ಲೆಕ್ಕವೂ ಇಲ್ಲ, ಭಾಗಿಸುವ ಲೆಕ್ಕವೂ ಇಲ್ಲ.

ಭಾಗಿಸುವ ಲೆಕ್ಕ ಅಂದಾಗ ನೆನಪಾಯಿತು. ಫೋನ್ ಬರುತ್ತದೆ, “ನಾಯಿ ಚಾಕೊಲೇಟ್ ತಿಂದುಬಿಟ್ಟಿದೆ.” ಇಲ್ಲಿ ನನಗೆ ಬೇಕಾದದ್ದು ಮೂರೇ ವಿಷಯ. ಎಷ್ಟು ಕಪ್ಪು ಚಾಕೊಲೇಟು, ಎಷ್ಟು ತಿಂದಿತು, ನಾಯಿಯ ತೂಕ ಎಷ್ಟು. ಚಾಕೊಲೇಟು ಕಪ್ಪಾದಷ್ಟೂ ಅದರಲ್ಲಿ ನಾಯಿಗೆ ವಿಷವಾಗುವ ಥಿಯೊಬ್ರೊಮಿನ್ ಜಾಸ್ತಿ, ಅದನ್ನು ಒಂದು ಕೆಜಿ ನಾಯಿಗೆ ಎಷ್ಟು ಬಂತು ಅಂತ ಭಾಗಿಸಿ ನೋಡಬೇಕು. ಮೂರಕ್ಕೂ ಉತ್ತರ ಹೀಗಿರುತ್ತದೆ: “ಮಾಮೂಲಿ ಚಾಕೊಲೇಟು. ಒಂದು ಚೂರು. ನಾಯಿ ಮೀಡಿಯಂ ಸೈಜು.” ಬಂದ ಮೇಲೆ ವಾಂತಿ ಮಾಡಿಸಿದರೆ ಇಡೀ ಡಬ್ಬಿಯ ಕಾಗದಗಳು ಒಂದೊಂದಾಗಿ ಹೊರಬರುತ್ತವೆ. ಜೊತೆಗೆ ಒಣದ್ರಾಕ್ಷಿ, ಅದು ಮೂತ್ರಪಿಂಡಕ್ಕೆ ಕುತ್ತು. ಒಂದು ಸಲ ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನ ಪೊಟ್ಟಣ ಬಂತು. ಅದರಲ್ಲಿ ಸಕ್ಕರೆಯ ಬದಲು ಹಾಕುವ ಜೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ನೋಡನೋಡುತ್ತಿದ್ದಂತೆ ಪಾತಾಳಕ್ಕೆ ಇಳಿಯುತ್ತದೆ. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಮಗನ ಮುಖ ನೋಡಿದಳು, ಮಗ ನಾಯಿಯ ಮುಖ ನೋಡಿದ. ನಾಯಿ ಇನ್ನೊಮ್ಮೆ ವಾಂತಿ ಮಾಡಿತು. ಅದು ಬದುಕಿತು ಅನ್ನಿ. ಆದರೆ ಆ ಗಮ್ಮು ಯಾರದು ಅನ್ನುವ ವಿಚಾರಣೆ ನನ್ನ ಎದುರಿಗೇ ಶುರುವಾಗಿ, ಯಾರು ಯಾರಿಗೆ ತಿಳಿಯದ ಹಾಗೆ ಏನನ್ನು ಬಿಡುತ್ತಿದ್ದಾರೆ, ಸಿಗರೇಟೋ ಸಕ್ಕರೆಯೋ, ಅನ್ನುವ ತನಕ ಹೋಯಿತು. ನಾನು ನಾಯಿಯ ಜೊತೆ ಒಳಗಿನ ಕೋಣೆಗೆ ಹೋಗಿ ಕೂತೆ.

ತೂಕ ಕೇಳದೆ ನಾನು ಕೆಲಸ ಮಾಡುವ ಸಂದರ್ಭ ಒಂದೇ ಒಂದು ಇದೆ. ವಯಸ್ಸಾಗಿ, ಇನ್ನು ಆಗುವುದಿಲ್ಲ ಅಂತ ಎಲ್ಲರೂ ಒಪ್ಪಿ, ಕೊನೆಯ ಇಂಜೆಕ್ಷನ್ನಿಗೆ ಕರೆದುಕೊಂಡು ಬಂದಾಗ. ಆಗ ಅಂದಾಜು ಸಾಕು, ಸ್ವಲ್ಪ ಜಾಸ್ತಿಯೇ ತುಂಬಿಕೊಳ್ಳುತ್ತೇವೆ. ವಿಚಿತ್ರ ಅಂದರೆ ಅವತ್ತು ಕೇಳದಿದ್ದರೂ ಎಲ್ಲ ಹೇಳುತ್ತಾರೆ. ನೀವು ಬೇಡ ಅಂದಿದ್ರಿ ಡಾಕ್ಟ್ರೇ, ಆದರೂ ದಿನಾ ರಾತ್ರಿ ಬಿಸ್ಕತ್ತು ಕೊಡ್ತಿದ್ದೆ. ಮಾತ್ರೆ ಮಧ್ಯದಲ್ಲಿ ಒಂದು ವಾರ ಮರೆತಿದ್ದೆ. ಎರಡು ತಿಂಗಳ ಹಿಂದೇನೇ ಗಂಟು ಕೈಗೆ ಸಿಕ್ಕಿತ್ತು, ಭಯ ಆಗಿ ಸುಮ್ನಿದ್ದೆ. ಇದನ್ನೆಲ್ಲ ಆಗಲೇ ಹೇಳಿದ್ದರೆ ಅಂತ ನನಗೆ ಸಿಟ್ಟು ಬರುತ್ತದೆ. ಬಂದ ಸಿಟ್ಟನ್ನು ಎಲ್ಲಿ ಹಾಕುವುದು, ಅವರು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೆ ಕೂತಿರುತ್ತಾರೆ. “ಈಗ ಒಂದು ಬಿಸ್ಕತ್ತು ಕೊಡಬಹುದಾ?” ಅಂತ ಕೇಳುತ್ತಾರೆ. ಕೊಡಿ ಅನ್ನುತ್ತೇನೆ. ಎರಡು ಕೊಡಿ ಅನ್ನುತ್ತೇನೆ. ಆಮೇಲೆ ಆ ದಿನ ಮುಂದಿನ ಪೇಷಂಟಿನವರು ಉಗುರು ಕತ್ತರಿಸಿ ಅಂದರೆ ಮರುಮಾತಿಲ್ಲದೆ ಕತ್ತರಿಸುತ್ತೇನೆ.

ಮೂರನೆಯ ಬಗೆಯವರನ್ನು ಹೇಳುವುದು ಬಾಕಿ ಇದೆ. ನಿಜ ಹೇಳಬೇಕೆಂದರೆ ಮೇಷ್ಟ್ರ ಮನೆಯವರನ್ನು ಮೂರನೆಯ ಬಗೆ ಅಂತ ಇಟ್ಟುಕೊಂಡಿದ್ದೆ. ತಾವೇ ಹತ್ತಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಅಂಥವರು ಅವರೊಬ್ಬರೇ ಸಿಕ್ಕಿದ್ದರಿಂದ ಅದನ್ನೊಂದು ಬಗೆ ಅಂತ ಕರೆಯಬಹುದೋ ಇಲ್ಲವೋ ಯೋಚಿಸಬೇಕು. ಅದೂ ಅಲ್ಲದೆ, ಮೊಬೈಲ್ ಬಂದ ಮೇಲೆ ನಾಲ್ಕನೆಯ ಬಗೆಯೊಂದು ಹುಟ್ಟಿಕೊಂಡು ನನ್ನ ಲೆಕ್ಕವನ್ನೆಲ್ಲ ಕೆಡಿಸಿದೆ. ಇವರು ಕ್ಲಿನಿಕ್ಕಿಗೇ ಬರುವುದಿಲ್ಲ.

ನಿನ್ನೆ ರಾತ್ರಿ ಮಲಗುವ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಸೋಫಾದ ಮೇಲೆ ಅಡ್ಡ ಮಲಗಿದ ಕರಿ ನಾಯಿ. ಕೆಳಗೆ ಬರೆದಿತ್ತು: “ತೂಕ ನೋಡಿ ಹೇಳಿ ಡಾಕ್ಟ್ರೇ, ಜಂತುಹುಳದ ಮಾತ್ರೆ ಎಷ್ಟು ಕೊಡಲಿ?” ಕರಿ ಸೋಫಾ, ಕರಿ ನಾಯಿ, ದೀಪ ಮಂಕು. ನಾಯಿ ಎಲ್ಲಿ ಮುಗಿದು ಸೋಫಾ ಎಲ್ಲಿ ಶುರುವಾಗುತ್ತದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಫೋಟೋ ನೋಡಿ ತೂಕ ಹೇಳಲು ಆಗುವುದಿಲ್ಲ, ಬೆಳಗ್ಗೆ ಕರೆದುಕೊಂಡು ಬನ್ನಿ ಅಂತ ಬರೆದೆ.

ತಕ್ಷಣ ಉತ್ತರ ಬಂತು: “ಬೆಳಗ್ಗೆ ಅವನಿಗೆ ಆಗಲ್ಲ ಡಾಕ್ಟ್ರೇ, ಏಳೋದೇ ಹತ್ತು ಗಂಟೆಗೆ.”